ನಿಂತು ನೋಡಿದ ಬಿಪಿ

ಮನೆಯಲ್ಲಿ ಬಿಪಿ ನೋಡಿಕೊಳ್ಳುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ಪರದೆಯ ಮೂಲೆಯಲ್ಲಿ ಒಂದು ಗುರುತು ಇರುತ್ತೆ. ನಾಡಿ ಲಯ ತಪ್ಪಿದ್ದರೆ ಅದು ಮಿನುಗುತ್ತೆ. ಯಂತ್ರದ ಜೊತೆ ಬರುವ ಚೀಟಿಯಲ್ಲಿ ಇದನ್ನೆಲ್ಲ ಬರೆದಿರುತ್ತಾರೆ, ಓದುವವರು ಕಡಿಮೆ. ನಮ್ಮ ಮನೆಯ ಯಂತ್ರದಲ್ಲಿ ಅದು ಮಿನುಗೋಕೆ ಶುರುವಾದಾಗ ಸೆಲ್ ಮುಗೀತಾ ಬಂದಿದೆ ಅಂತ ಮಗ ಸೆಲ್ ಬದಲಾಯಿಸಿದ. ಹೊಸ ಸೆಲ್ಲಿನಲ್ಲೂ ಮಿನುಗಿತು. ಜೊತೆಗೆ ಲೆಕ್ಕವೂ ಕೂಡುತ್ತಿರಲಿಲ್ಲ. ಒಂದು ಸಲ 152 ತೋರಿಸಿದ್ದು ಎರಡು ನಿಮಿಷ ಬಿಟ್ಟರೆ 134, ಮತ್ತೆ ನೋಡಿದರೆ 147. ಅಂಕಿಗಳ ಜೊತೆಯಲ್ಲೇ ಬದುಕಿದವನಿಗೆ ಇದು ಸಹಿಸೋ ವಿಷಯ ಅಲ್ಲ.

ನನಗೆ 66. ತಿಪಟೂರಿನ ಎಪಿಎಂಸಿ ಯಾರ್ಡಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೀತೀನಿ. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷದ ಮೇಲಾಯ್ತು, ಬಿಪಿ ಅದರ ಬೆನ್ನಿಗೇ ಬಂತು. ಊರಿನ ಡಾಕ್ಟ್ರ ಹತ್ತಿರ ಯಂತ್ರದ ಕಥೆ ಹೇಳಿದಾಗ ಅವರು ಯಂತ್ರವನ್ನೇನೂ ನೋಡಲಿಲ್ಲ. ನನ್ನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. ಆಮೇಲೆ ಇಸಿಜಿ ತೆಗೆಸಿ ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು. ಸಮ ಅಂತರದಲ್ಲಿ ಏಳಬೇಕಾದ ಗೆರೆಗಳು ಒಂದು ಹತ್ತಿರ, ಒಂದು ದೂರ, ಮತ್ತೆ ಎರಡು ಹತ್ತಿರ. "ಏಟ್ರಿಯಲ್ ಫಿಬ್ರಿಲೇಷನ್ ಯಜಮಾನ್ರೇ. ಹೃದಯದ ಮೇಲಿನ ಕೋಣೆ ಸರಿಯಾಗಿ ಬಡೀತಿಲ್ಲ, ಬರೀ ಅದುರ್ತಿದೆ. ಹಂಗಾದಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತೆ. ಆ ಹೆಪ್ಪು ಕಳಚಿಕೊಂಡು ಮೆದುಳಿಗೆ ಹೋದ್ರೆ ಲಕ್ವ. ತುಮಕೂರಿಗೆ ಹೋಗಿ ಹೃದಯದ ಡಾಕ್ಟ್ರನ್ನ ನೋಡಿ, ಮುಂದಕ್ಕೆ ಹಾಕ್ಬೇಡಿ." ಬಿಪಿ ಅಂಕಿ ಯಾಕೆ ಹಂಗೆ ಕುಣಿಯುತ್ತಿತ್ತು ಅನ್ನೋದೂ ಆಗಲೇ ಗೊತ್ತಾಯ್ತು. ಈ ಲಯ ತಪ್ಪಿದ ಬಡಿತದಲ್ಲಿ ಪ್ರತಿ ಬಡಿತಕ್ಕೂ ಹೊರಬರುವ ರಕ್ತ ಒಂದೇ ಸಮ ಇರೋದಿಲ್ಲ, ಹಾಗಾಗಿ ಯಂತ್ರದ ಒಂದೇ ಅಂಕಿ ನಂಬೋ ಹಾಗಿಲ್ಲ. ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿ ಸರಾಸರಿ ತೆಗೀಬೇಕು. ಅವತ್ತಿನಿಂದ ಹಾಗೇ ಮಾಡ್ತಿದ್ದೀನಿ.

ತುಮಕೂರಿನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವಾಗ ಡಾಕ್ಟ್ರು ಎದೆಯ ಮೇಲಿನ ಆ ಸಲಕರಣೆಯನ್ನು ಒಂದೇ ಕಡೆ ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಚಿಕ್ಕಂದಲ್ಲಿ ಕೀಲು ಊದಿಕೊಂಡು ಜ್ವರ ಬಂದಿತ್ತಾ?" ಅಂದರು. ನನಗೆ ನೆನಪಿರಲಿಲ್ಲ. ಅಲ್ಲಿಂದಲೇ ನಮ್ಮಕ್ಕನಿಗೆ ಫೋನ್ ಮಾಡಿದೆ. "ಬಂದಿತ್ತಲ್ಲೋ, ಮೊದ್ಲು ಗಂಟಲುನೋವು, ಆಮೇಲೆ ಒಂದ್ಸಲ ಮಂಡಿ ಊದ್ತು, ಇನ್ನೊಂದ್ಸಲ ಕಾಲಿನ ಗಿಣ್ಣು. ಅಪ್ಪ ನಿನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಿದ್ರು" ಅಂದಳು. ಅದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬರುವ ಒಂದು ಜಾತಿಯ ಬ್ಯಾಕ್ಟೀರಿಯಾ ಸೋಂಕಿನ ಬೆನ್ನಲ್ಲೇ ಬಂದು, ಕೀಲನ್ನು ಬಿಟ್ಟುಹೋದರೂ ಎಷ್ಟೋ ಸಲ ಹೃದಯದ ಕವಾಟವನ್ನು ಬಿಡೋದಿಲ್ಲ. ಐವತ್ತು ವರ್ಷಕ್ಕೂ ಮೇಲೆ ಸದ್ದಿಲ್ಲದೆ ಇದ್ದು, ಈಗ ನನ್ನ ಮೈಟ್ರಲ್ ಕವಾಟ ಕಿರಿದಾಗಿದೆ ಅಂತ ಗೊತ್ತಾಯ್ತು. ತೀರಾ ಹೆಚ್ಚಿಲ್ಲ, ಮಧ್ಯಮ ಮಟ್ಟದ್ದು.

ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಮೊಬೈಲಿನಲ್ಲಿ ಓದಿಕೊಂಡೇ ಬಂದಿದ್ದ. ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಲಕ್ವದ ಅಪಾಯ ಅಳೆಯೋಕೆ ಅಂಕ ಕೊಡುವ ಪದ್ಧತಿ ಇದೆಯಂತೆ. ಸಕ್ಕರೆಗೆ ಒಂದು ಅಂಕ, ಬಿಪಿಗೆ ಒಂದು, 65 ದಾಟಿದ್ದಕ್ಕೆ ಒಂದು. 75 ದಾಟಿದರೆ ಎರಡು, ಹಿಂದೆ ಲಕ್ವ ಹೊಡೆದಿದ್ದರೆ ಎರಡು. ಗಂಡಸರಿಗೆ ಎರಡು ಅಂಕ ಆದರೇ ಸಾಕು, ರಕ್ತ ಹೆಪ್ಪುಗಟ್ಟದಂತೆ ಔಷಧಿ ಬೇಕು. "ಅಪ್ಪನಿಗೆ ಮೂರು ಬರುತ್ತೆ ಸರ್" ಅಂದ. ಡಾಕ್ಟ್ರು ನಕ್ಕು, "ಆ ಲೆಕ್ಕ ಕವಾಟ ಚೆನ್ನಾಗಿರೋರಿಗೆ ಕಣಪ್ಪ. ಇವರಿಗೆ ಕವಾಟವೇ ಕಿರಿದಾಗಿದೆ, ಅಂಕ ಸೊನ್ನೆ ಬಂದ್ರೂ ಮಾತ್ರೆ ಬೇಕೇ ಬೇಕು" ಅಂದರು.

ಮಾತ್ರೆ ಬರೆಯೋ ಮುಂಚೆ ಅವರು ತಲೆ ಕೆಡಿಸಿಕೊಂಡದ್ದು ನನ್ನ ಬಿಪಿ ಬಗ್ಗೆ. ಅವತ್ತು ಪಾದರಸದ ಯಂತ್ರದಲ್ಲಿ ಕೂರಿಸಿ ನೋಡಿದಾಗ 168/92. ರಕ್ತ ಬೇಗ ಹೆಪ್ಪುಗಟ್ಟದ ಹಾಗೆ ಮಾಡಿಟ್ಟು, ಮೇಲೆ ಒತ್ತಡವೂ ಇಷ್ಟಿದ್ದರೆ ಮೆದುಳಿನ ಸಣ್ಣ ರಕ್ತನಾಳ ಒಡೆದಾಗ ರಕ್ತ ನಿಲ್ಲೋದಿಲ್ಲ. "ಮೇಲಿನ ಅಂಕಿ 160 ದಾಟಿದ್ರೆ ಈ ಮಾತ್ರೆ ಬರೆಯೋಕೆ ನಂಗೆ ಧೈರ್ಯ ಸಾಲಲ್ಲ" ಅಂತ ನೇರವಾಗೇ ಹೇಳಿದರು. ನಾನು ನುಂಗುತ್ತಿದ್ದ ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್ ಜೊತೆಗೆ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದ ಒಂದೇ ಮಾತ್ರೆ ಬಂತು. ಬಡಿತದ ವೇಗ ತಗ್ಗಿಸೋಕೆ ಮೆಟೊಪ್ರೊಲಾಲ್. ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಮ್ ಅನ್ನುವ ಮಾತ್ರೆ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಲಿವರ್ ಎಲ್ಲ ಅವತ್ತೇ ನೋಡಿದರು.

ಮಂಡಿಯ ಮಾಲೀಕರಿಗೆ ಇದನ್ನು ಹೇಳಿದಾಗ, "ರಕ್ತ ತೆಳುವಾದ್ರೆ ಬಿಪಿ ತಾನಾಗೇ ಇಳಿಯುತ್ತೆ ಬಿಡ್ರಿ, ಬಿಪಿ ಮಾತ್ರೆ ದಂಡ" ಅಂದರು. ಹೀಗೆ ತಿಳಿದವರು ಯಾರ್ಡಿನ ತುಂಬಾ ಇದ್ದಾರೆ. ಅಸಿಟ್ರೋಮ್ ಬಿಪಿಯನ್ನು ಒಂದು ಅಂಕಿಯಷ್ಟೂ ಇಳಿಸೋದಿಲ್ಲ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಕೆಲವು ಅಂಶಗಳನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತೆ, ಈ ಮಾತ್ರೆ ಅದಕ್ಕೆ ಅಡ್ಡಗಾಲು ಹಾಕುತ್ತೆ. ಇದರ ಕೆಲಸ ಇಷ್ಟೇ. ಬಿಪಿ ಮಾತ್ರೆ ಬಿಡೋದಿರಲಿ, ಇದನ್ನು ತಗೊಳ್ಳೋಕೆ ಶುರು ಮಾಡಿದ ಮೇಲೆ ಬಿಪಿ ಬಗ್ಗೆ ಮೊದಲಿಗಿಂತ ಹುಷಾರಾಗಿರಬೇಕು.

ಮಾತ್ರೆಗಳ ಡಬ್ಬಿಯಿಂದ ಹೊರಗೆ ಹೋದದ್ದೂ ಒಂದಿದೆ. ಸಕ್ಕರೆ ಇದೆ ಅನ್ನೋ ಕಾರಣಕ್ಕೆ ಎಷ್ಟೋ ವರ್ಷದಿಂದ ಇಕೋಸ್ಪ್ರಿನ್, ಅಂದರೆ ಆಸ್ಪಿರಿನ್, ಸೇರಿದ ಕ್ಯಾಪ್ಸೂಲ್ ತಗೊಳ್ತಿದ್ದೆ. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಹಾಗೆ ಬರೀ ಸಕ್ಕರೆ ಇರುವವರ ವಿಷಯ ಬೇರೆ. 2018ರಲ್ಲಿ ಬಂದ ಅಸೆಂಡ್ ಅನ್ನುವ ಅಧ್ಯಯನದಲ್ಲಿ ಸಕ್ಕರೆ ಇರುವ 15,480 ಜನರಲ್ಲಿ ಕೆಲವರಿಗೆ ಆಸ್ಪಿರಿನ್, ಉಳಿದವರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ ಕೊಟ್ಟು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. ಹೃದಯ, ಮೆದುಳಿನ ದೊಡ್ಡ ತೊಂದರೆ ಶೇಕಡ 9.6ರಿಂದ 8.5ಕ್ಕೆ ಇಳಿಯಿತು. ದೊಡ್ಡ ರಕ್ತಸ್ರಾವ ಶೇಕಡ 3.2ರಿಂದ 4.1ಕ್ಕೆ ಏರಿತು. ಅಂದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಹೆಚ್ಚುಕಮ್ಮಿ ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಅದರ ಮೇಲೆ ಅಸಿಟ್ರೋಮೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಆಸ್ಪಿರಿನ್ ನಿಲ್ಲಿಸಿದರು. ಇಲ್ಲೊಂದು ಸೂಕ್ಷ್ಮ ಇದೆ. ನಾನು ನುಂಗುತ್ತಿದ್ದ ಕ್ಯಾಪ್ಸೂಲಿನ ಹೆಸರಿನ ಕೊನೆಗೆ ಎವಿ ಅಂತ ಇತ್ತು, ಅಂದರೆ ಅದರೊಳಗೆ ಆಸ್ಪಿರಿನ್ ಜೊತೆ ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್ ಕೂಡ ಇತ್ತು. ಕ್ಯಾಪ್ಸೂಲ್ ನಿಲ್ಲಿಸಿದರೆ ಅದೂ ನಿಂತುಹೋಗುತ್ತೆ. ಡಾಕ್ಟ್ರು ಅಟೊರ್ವಾಸ್ಟಾಟಿನ್ ಒಂದನ್ನೇ ಬೇರೆ ಮಾತ್ರೆಯಾಗಿ ಬರೆದುಕೊಟ್ಟರು. ಸಕ್ಕರೆ ಇರುವವರಿಗೆ ಬಿಡಬಾರದ್ದು ಅದೇ.

ಅಸಿಟ್ರೋಮ್ ರಾತ್ರಿ ಊಟಕ್ಕೆ ಮುಂಚೆ, ದಿನಾ ಒಂದೇ ಹೊತ್ತಿಗೆ. ಎಷ್ಟು ಮಿಲಿಗ್ರಾಂ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ಅದನ್ನು ನಿರ್ಧರಿಸೋದು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ಐಎನ್‌ಆರ್ ಅನ್ನುವ ಪರೀಕ್ಷೆ. ಮಾತ್ರೆ ತಗೊಳ್ಳದವರಿಗೆ ಅದು 1ರ ಆಸುಪಾಸು. ನನಗೆ 2ರಿಂದ 3ರ ಒಳಗೆ ಇರಬೇಕು. 2ಕ್ಕಿಂತ ಕೆಳಗಿದ್ದರೆ ಹೆಪ್ಪುಗಟ್ಟುವ ಭಯ, 3 ದಾಟಿ ಹೋದಷ್ಟೂ ರಕ್ತಸ್ರಾವದ ಭಯ. ಶುರುವಿನಲ್ಲಿ ವಾರಕ್ಕೊಮ್ಮೆಗಿಂತ ಹೆಚ್ಚೇ ಲ್ಯಾಬಿಗೆ ಓಡಾಡಿದೆ. 1.3 ಬಂತು, 1.8 ಬಂತು, ಆಮೇಲೆ 2.4.

ಈ ಪರೀಕ್ಷೆಗೆ ರಕ್ತ ತೆಗೆಯೋದನ್ನು ನೋಡಬೇಕು. ಕೊಳವೆಗೆ ನೀಲಿ ಮುಚ್ಚಳ. ತಳದಲ್ಲಿ ಒಂದಿಷ್ಟು ಸಿಟ್ರೇಟ್ ದ್ರವ ಇರುತ್ತೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಅದು. ಹಾಗಾಗಿ ರಕ್ತ ಕೊಳವೆಯ ಮೇಲಿನ ಗೆರೆ ಮುಟ್ಟಲೇಬೇಕು. ಕಡಿಮೆಯಾದರೆ ದ್ರವದ ಪಾಲು ಹೆಚ್ಚಾಗಿ ಐಎನ್‌ಆರ್ ಸುಳ್ಳೇ ಜಾಸ್ತಿ ಬರುತ್ತೆ. ನಮ್ಮ ಲ್ಯಾಬಿನ ಹುಡುಗಿ ಕೊಳವೆಯನ್ನು ಬೆಳಕಿಗೆ ಹಿಡಿದು, ಗೆರೆ ಮುಟ್ಟಿದೆಯಾ ಅಂತ ನೋಡಿ, ಕುಲುಕದೆ ಮೆಲ್ಲಗೆ ತಲೆಕೆಳಗು ಮಾಡಿ ಮಾಡಿ ಬೆರೆಸುತ್ತಾಳೆ. ಒಂದು ಸಲ ಗೆರೆ ಮುಟ್ಟದಿದ್ದಾಗ, "ಅಂಕಲ್, ಬೈಕೋಬೇಡಿ, ಇನ್ನೊಂದ್ಸಲ ಚುಚ್ತೀನಿ" ಅಂದಳು. ಬೈಯೋದೆಲ್ಲಿ ಬಂತು, ಅಷ್ಟು ಶಿಸ್ತಿನವರು ಸಿಗೋದೇ ಅಪರೂಪ. ಅವತ್ತಿಂದ ಲ್ಯಾಬ್ ಬದಲಾಯಿಸಿಲ್ಲ. ಚುಚ್ಚಿದ ಜಾಗದಲ್ಲಿ ಹತ್ತಿಯನ್ನು ಮೊದಲಿಗಿಂತ ಜಾಸ್ತಿ ಹೊತ್ತು ಒತ್ತಿ ಹಿಡೀಬೇಕು, ಬೆರಳು ಚುಚ್ಚಿ ಸಕ್ಕರೆ ನೋಡುವಾಗಲೂ ಅಷ್ಟೆ.

ಅಷ್ಟರಲ್ಲಿ ನನ್ನ ತಮ್ಮನ ಮಗ ಎಲ್ಲೋ ಓದಿಕೊಂಡು ಬಂದು, "ದೊಡ್ಡಮ್ಮ, ದೊಡ್ಡಪ್ಪನಿಗೆ ಇಲಿ ಪಾಷಾಣ ಕೊಡ್ತಿದ್ದಾರೆ" ಅಂತ ನಮ್ಮನೆಯವಳ ಎದೆ ಒಡೆದಿದ್ದ. ಪೂರ್ತಿ ಸುಳ್ಳೂ ಅಲ್ಲ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅನ್ನುವ ವಿಜ್ಞಾನಿಯ ತಂಡ ಅದರೊಳಗಿನ ವಸ್ತುವನ್ನು ಬೇರ್ಪಡಿಸಿತು. ಅದೇ ಜಾತಿಯ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂದು, 1954ರ ಹೊತ್ತಿಗೆ ಮನುಷ್ಯರ ಔಷಧಿಯಾಯ್ತು. ಅಸಿಟ್ರೋಮ್ ಅದರ ದಾಯಾದಿ. ಅಳತೆ ನೋಡಿ ಕೊಟ್ಟರೆ ಔಷಧಿ, ಅದಕ್ಕೇ ಅಲ್ಲವೇ ಇಷ್ಟೊಂದು ಸಲ ರಕ್ತ ಪರೀಕ್ಷೆ. ಇದನ್ನು ಹೇಳಿ ನಮ್ಮನೆಯವಳನ್ನು ಸಮಾಧಾನ ಮಾಡೋಕೆ ಎರಡು ರಾತ್ರಿ ಹಿಡೀತು.

ಸೊಪ್ಪಿನ ರಾಮಾಯಣ ಇನ್ನೊಂದು. ವಿಟಮಿನ್ ಕೆ ಸೊಪ್ಪಿನಲ್ಲಿ ಹೆಚ್ಚು, ಸೊಪ್ಪು ಜಾಸ್ತಿ ತಿಂದರೆ ಐಎನ್‌ಆರ್ ಇಳಿಯುತ್ತೆ. ಇದು ಕಿವಿಗೆ ಬಿದ್ದದ್ದೇ ನಮ್ಮ ಅಡುಗೆಮನೆಯಿಂದ ಹರಿವೆ, ನುಗ್ಗೆ, ಮೆಂತ್ಯ ಎಲ್ಲಕ್ಕೂ ಗೇಟ್‌ಪಾಸ್ ಸಿಕ್ಕಿತು. ಬಸ್ಸಾರಿಲ್ಲದ ಮುದ್ದೆ ಊಟ ಯಾವ ಶತ್ರುವಿಗೂ ಬೇಡ. ಮುಂದಿನ ಸಲ ತುಮಕೂರಿಗೆ ಹೋದಾಗ ಅವಳೇ ಕೇಳಿದಳು. ಡಾಕ್ಟ್ರು, "ಅಮ್ಮಾ, ಸಕ್ಕರೆ ಇರೋರಿಗೆ ಸೊಪ್ಪು ನಿಲ್ಲಿಸಿದ್ರೆ ಇನ್ನೇನು ತಿಂತಾರೆ? ಮೊದ್ಲು ವಾರಕ್ಕೆ ಎಷ್ಟು ಸಲ ಮಾಡ್ತಿದ್ರೋ ಅಷ್ಟೇ ಮಾಡಿ. ಒಂದು ವಾರ ದಿನಾ ಸೊಪ್ಪು, ಇನ್ನೊಂದು ವಾರ ಒಂದೆಳೆಯೂ ಇಲ್ಲ, ಹಂಗೆ ಮಾತ್ರ ಆಗಬಾರ್ದು. ಸೊಪ್ಪಿಗೆ ತಕ್ಕ ಹಾಗೆ ಮಾತ್ರೆ ನಾನು ಕೊಡ್ತೀನಿ" ಅಂದರು. ತೆಂಗಿನಕಾಯಿ, ಕೊಬ್ಬರಿಯಲ್ಲಿ ವಿಟಮಿನ್ ಕೆ ಇಲ್ಲವೆನ್ನುವಷ್ಟು ಕಡಿಮೆ ಅಂತ ಕೇಳಿ ಯಾರ್ಡಿನವನಾದ ನನಗೆ ನೆಮ್ಮದಿ. ಬೇಡವೇ ಬೇಡ ಅಂದದ್ದು ಸಕ್ಕರೆ ಇಳಿಸುತ್ತೆ ಅಂತ ಸಂತೆಯಲ್ಲಿ ಮಾರುವ ಪುಡಿ, ಕಷಾಯಗಳನ್ನು. ಒಳಗೇನಿದೆ ಗೊತ್ತಿಲ್ಲದ್ದು ಐಎನ್‌ಆರ್ ಅನ್ನು ಎಲ್ಲಿಗೆ ಒಯ್ಯುತ್ತೋ ಹೇಳೋಕಾಗಲ್ಲ. ಉಪ್ಪು ಕಡಿಮೆ ಮಾಡೋಕೆ ಅಂತ ಮಗ ತಂದ ಸೋಡಿಯಂ ಕಡಿಮೆ ಇರುವ ಉಪ್ಪಿಗೂ ಬೇಡ ಅಂದರು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತೆ. ಟೆಲ್ಮಿಸಾರ್ಟಾನ್ ತಗೊಳ್ಳುವವರಲ್ಲಿ, ಅದರಲ್ಲೂ ಕಿಡ್ನಿ ಸ್ವಲ್ಪ ಸೋತಿದ್ದರೆ, ಪೊಟ್ಯಾಸಿಯಂ ಮೊದಲೇ ಏರುಮುಖ. ನನ್ನ ಕ್ರಿಯಾಟಿನಿನ್ 1.4, ಸ್ವಲ್ಪ ಹೆಚ್ಚೇ. ಎಳನೀರಿನಲ್ಲೂ ಅದೇ ಪೊಟ್ಯಾಸಿಯಂ, ಯಾವಾಗಲಾದರೂ ಒಂದು ಅಂತಾಯ್ತು. ತೆಂಗಿನ ಸೀಮೆಯಲ್ಲಿ ಹುಟ್ಟಿ ಎಳನೀರಿಗೆ ಲೆಕ್ಕ ಇಡೋ ಹಾಗಾಯ್ತು ನೋಡಿ.

ಇಷ್ಟರ ಹೊತ್ತಿಗೆ ಐಎನ್‌ಆರ್ ಹದಕ್ಕೆ ಬಂದಿತ್ತು, ಬಿಪಿ ಪುಸ್ತಕದಲ್ಲಿ 126, 130, 128 ಅಂತ ಚೆಂದದ ಅಂಕಿಗಳು. ಸಕ್ಕರೆ ಇರುವವರಿಗೆ 130/80ರ ಒಳಗೆ ಇರಲಿ ಅನ್ನುತ್ತಾರೆ, ಸರಿಯಾಗೇ ಇತ್ತು. ಆದರೆ ನನಗೆ ಕುರ್ಚಿಯಿಂದ ಎದ್ದಾಗಲೆಲ್ಲ ಕಣ್ಣು ಮಂಜಾಗುತ್ತಿತ್ತು. ಒಂದು ಹರಾಜಿನ ದಿನ ಲೆಕ್ಕದ ಮೇಜಿನಿಂದ ಎದ್ದು ಎರಡು ಹೆಜ್ಜೆ ಇಟ್ಟಿದ್ದೆ, ಸುತ್ತಲ ಸದ್ದೆಲ್ಲ ದೂರ ಹೋದ ಹಾಗಾಯ್ತು. ಕೈಗೆ ಸಿಕ್ಕ ತೂಕದ ಯಂತ್ರದ ಕಂಬ ಹಿಡಿದುಕೊಂಡೆ. ಚೀಲ ಹೊರುತ್ತಿದ್ದ ಹಮಾಲಿ ಹುಡುಗ ಓಡಿಬಂದು, "ಸ್ವಾಮೇರೇ, ಕೂತ್ಕಳಿ ಕೂತ್ಕಳಿ" ಅಂತ ಚೀಲದ ಮೇಲೇ ಕೂರಿಸಿದ. ಸಕ್ಕರೆ ಇಳಿದಿರಬೇಕು ಅಂತ ಬೆಲ್ಲ ತಂದುಕೊಟ್ಟ. ನಾನು ಮೀಟರಿನಲ್ಲಿ ನೋಡಿದರೆ 142. ಸಕ್ಕರೆ ಅಲ್ಲ.

ಅದನ್ನು ಹಿಡಿದದ್ದು ನಮ್ಮ ಸಕ್ಕರೆ ಡಾಕ್ಟ್ರು. ಮಂಚದ ಮೇಲೆ ಮಲಗಿಸಿ, ಐದು ನಿಮಿಷ ಸುಮ್ಮನಿರಲು ಹೇಳಿ ಬಿಪಿ ನೋಡಿದರು. 146/82. ಪಟ್ಟಿ ಬಿಚ್ಚದೆ, "ಈಗ ಎದ್ದು ನಿಂತ್ಕೊಳ್ಳಿ, ಮೇಜು ಹಿಡ್ಕೊಳ್ಳಿ" ಅಂದರು. ಒಂದು ನಿಮಿಷಕ್ಕೆ 114/68. ಮೂರು ನಿಮಿಷಕ್ಕೆ 118/70. ಎದ್ದು ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೇ ಅದು ತೊಂದರೆಯ ಲೆಕ್ಕ. ನನ್ನದು 32 ಇಳಿದಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಜನ ನನ್ನ ಬಿಪಿ ನೋಡಿದ್ದಾರೋ, ಒಬ್ಬರೂ ನಿಲ್ಲಿಸಿ ನೋಡಿರಲಿಲ್ಲ. ಎಲ್ಲ ಕಡೆ ಕುರ್ಚಿ, ಒಂದು ಕೈ, ಒಂದು ಅಂಕಿ.

ಕಾರಣ ಮೂರು ಕಡೆಯಿಂದ ಬಂದು ಸೇರಿತ್ತು. ನಾವು ಎದ್ದಾಗ ರಕ್ತ ಕಾಲಿನ ಕಡೆ ಇಳಿಯುತ್ತೆ. ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿ ಮಾಡಿ ಅದನ್ನು ಮೇಲಕ್ಕೆ ತಳ್ಳಬೇಕು. ಬಹಳ ವರ್ಷದ ಸಕ್ಕರೆ ಪಾದದ ನರಗಳನ್ನು ಜೋಮು ಹಿಡಿಸುವ ಹಾಗೇ ಈ ನರಗಳನ್ನೂ ಮಂಕು ಮಾಡಿಬಿಡುತ್ತೆ. ಎರಡನೆಯದು, ತುಮಕೂರಿನಲ್ಲಿ ಸೇರಿಸಿದ ಮೂತ್ರ ಹೆಚ್ಚಿಸುವ ಔಷಧಿ. ಮೂರನೆಯದು, ಪ್ರಾಸ್ಟೇಟಿಗೆ ಅಂತ ಬೇರೊಬ್ಬ ಡಾಕ್ಟ್ರು ಕೊಟ್ಟಿದ್ದ ಟ್ಯಾಮ್ಸುಲೋಸಿನ್. ಅದೂ ರಕ್ತನಾಳ ಸಡಿಲಿಸುವ ಜಾತಿಯದು. ಮೂವರು ಡಾಕ್ಟ್ರು, ಮೂರು ಚೀಟಿ, ಪ್ರತಿಯೊಂದು ಚೀಟಿಯೂ ಅದರ ಮಟ್ಟಿಗೆ ಸರಿ. ಮಂಡಿ ಲೆಕ್ಕದಲ್ಲಿ ಒಬ್ಬನ ಖಾತೆಗೆ ಜಮೆಯಾದದ್ದು ಇನ್ನೊಬ್ಬನ ಖಾತೆಗೆ ಖರ್ಚು ಬೀಳಲೇಬೇಕು. ಎಲ್ಲ ಖಾತೆಗಳನ್ನು ಒಂದೇ ಪುಸ್ತಕದಲ್ಲಿ ಇಟ್ಟು ನೋಡಿದರಷ್ಟೇ ಅದು ಕಾಣೋದು.

ಅಸಿಟ್ರೋಮ್ ಇಲ್ಲದವನಿಗಾಗಿದ್ದರೆ ಇದು ತಲೆಸುತ್ತು, ಅಷ್ಟೆ. ಇದ್ದವನು ಬಿದ್ದು ತಲೆ ತಾಗಿಸಿಕೊಂಡರೆ ಕಥೆಯೇ ಬೇರೆ. ತಲೆಬುರುಡೆಯೊಳಗೆ ರಕ್ತ ನಿಧಾನಕ್ಕೆ ಕೂಡುತ್ತಾ ಹೋಗಿ, ಕೆಲವು ಸಲ ದಿನಗಳ ಮೇಲೆ ತಲೆನೋವು, ಮಂಪರು ಅಂತ ಹೊರಬೀಳುತ್ತೆ. ಹೊರಗೆ ಗಾಯ ಇರಬೇಕು ಅಂತೇನಿಲ್ಲ. ಹಾಗಾಗಿ ತಲೆಗೆ ಪೆಟ್ಟು ಬಿದ್ದರೆ ಬುಗುಟು ನೋಡಿಕೊಂಡು ಕೂರದೆ ನೇರವಾಗಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು ಅಂತ ಮನೆಯವರಿಗೆಲ್ಲ ಅಲ್ಲೇ ಹೇಳಿದರು. ಬಿಪಿ ಹೆಚ್ಚಾದರೂ ಮೆದುಳಿಗೆ ಅಪಾಯ, ಎದ್ದಾಗ ತೀರಾ ಇಳಿದು ಬಿದ್ದರೂ ಮೆದುಳಿಗೇ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವ ಸಕ್ಕರೆಯವರಿಗೆ ನಿಂತು ನೋಡಿದ ಬಿಪಿ ಯಾಕೆ ಬೇಕು ಅನ್ನೋದು ಇಷ್ಟರಲ್ಲೇ ಇದೆ. ನನ್ನ ಕೇಳಿದರೆ, ನಿಲ್ಲಿಸಿ ನೋಡದೆ ಬಿಪಿ ಮಾತ್ರೆ ಏರಿಸುವ ಪದ್ಧತಿಯೇ ತಪ್ಪಬೇಕು. ಮೂರು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ.

ಸಕ್ಕರೆ ಡಾಕ್ಟ್ರು ತುಮಕೂರಿಗೆ ಫೋನ್ ಹಚ್ಚಿ ಮಾತಾಡಿದರು. ಮೂತ್ರದ ಔಷಧಿ ತೆಗೆದು ಹಳೆಯ ಎರಡರ ಮಾತ್ರೆಯೇ ಉಳೀತು. ಟ್ಯಾಮ್ಸುಲೋಸಿನ್ ರಾತ್ರಿ ಮಲಗುವ ಹೊತ್ತಿಗೆ ಹೋಯ್ತು. ಬೆಳಿಗ್ಗೆ ಎದ್ದ ತಕ್ಷಣ ನಿಲ್ಲೋ ಹಾಗಿಲ್ಲ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಬೇಕು. ರಾತ್ರಿ ಮೂತ್ರಕ್ಕೆ ಏಳುವಾಗ ದೀಪ ಹಾಕಿಯೇ ಹೋಗಬೇಕು. ಬಿಸಿ ಬಿಸಿ ನೀರು ಹುಯ್ಯಿಕೊಂಡು ಸ್ನಾನ ಮಾಡಿ ದಡಕ್ಕನೆ ಏಳಬಾರದು. ಈಗ ಕೂತಾಗ 134, 136ರ ಹತ್ತಿರ, ನಿಂತಾಗ 122ರಿಂದ 126. ಪುಸ್ತಕದ ಗುರಿಗಿಂತ ನಾಲ್ಕಾರು ಅಂಕಿ ಹೆಚ್ಚೇ ಇದೆ. ಅದು ಇರಲಿ ಅಂತ ಇಬ್ಬರೂ ಡಾಕ್ಟ್ರು ಒಪ್ಪಿಕೊಂಡೇ ಬಿಟ್ಟಿದ್ದಾರೆ.

ಬೀಳೋಕೆ ಇನ್ನೊಂದು ದಾರಿ ಸಕ್ಕರೆ ಇಳಿಯೋದು. ಅದಕ್ಕೂ ಈ ಮಾತ್ರೆಗಳಿಗೂ ಒಂದು ಒಳನಂಟಿದೆ. ಮೆಟೊಪ್ರೊಲಾಲ್ ತಗೊಳ್ಳುವವರಿಗೆ ಸಕ್ಕರೆ ಇಳಿದಾಗ ಆಗುವ ಎದೆ ಡವಡವ, ಕೈ ನಡುಕ ಅಷ್ಟಾಗಿ ಗೊತ್ತಾಗೋದಿಲ್ಲ. ಬೆವರೋದು ಮಾತ್ರ ಉಳಿಯುತ್ತೆ. ನಮ್ಮ ಮೈಗೆ ಗೊತ್ತಿದ್ದ ಎಚ್ಚರಿಕೆ ಗಂಟೆಗಳಲ್ಲಿ ಎರಡು ಮೂಕಾದವು ಅಂತಾಯ್ತು. ಆ ಕಾರಣಕ್ಕೆ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆ 7ರ ಕೆಳಗೇ ಇರಬೇಕು ಅಂತ ಮೊದಲು ಹಟ ಹಿಡಿಯುತ್ತಿದ್ದವರು ಈಗ ಏಳೂವರೆಯಾದರೂ ಸುಮ್ಮನಿರುತ್ತಾರೆ. ಕಾರಣವಿಲ್ಲದೆ ಬೆವೆತರೆ ಮೀಟರ್ ತೆಗೆಯೋದು ಈಗ ಅಭ್ಯಾಸ.

ಕಾಲಿನ ಗಾಯದ ಪ್ರಸಂಗ ಹೇಳಲೇಬೇಕು. ಯಾರ್ಡಿನಲ್ಲಿ ಕರಟದ ಚೂರೊಂದು ಚಪ್ಪಲಿಯೊಳಗೆ ಸೇರಿ ಪಾದ ಕೊರೆದಿತ್ತು. ಜೋಮು ಹಿಡಿದ ಪಾದ, ಸಂಜೆ ರಕ್ತದ ಕಲೆ ನೋಡಿದ ಮೇಲೇ ಗೊತ್ತಾದದ್ದು. ಕೀವಾಗಬಾರದು ಅಂತ ಎರಡು ಆಂಟಿಬಯೋಟಿಕ್ ಕೊಟ್ಟರು, ಅದರಲ್ಲೊಂದು ಮೆಟ್ರೊನಿಡಜೋಲ್. ಅಸಿಟ್ರೋಮ್ ಇದೆ ಅಂದ ಕೂಡಲೇ, ಗಾಯಕ್ಕೆ ಔಷಧಿ ಬೇಕೇಬೇಕು, ಮೂರ್ನಾಲ್ಕು ದಿನ ಬಿಟ್ಟು ಐಎನ್‌ಆರ್ ನೋಡಿಸಿ ಅಂತ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ನೋಡಿಸಿದರೆ 4.7. ಹಲ್ಲುಜ್ಜಿದಾಗ ವಸಡಿನಲ್ಲಿ ರಕ್ತ, ತೊಡೆಯ ಮೇಲೆ ಎಲ್ಲಿ ತಗುಲಿತೋ ಗೊತ್ತಿಲ್ಲದ ನೀಲಿ ಗುರುತು. ತುಮಕೂರಿನ ಡಾಕ್ಟ್ರು ಫೋನಿನಲ್ಲೇ, ಇವತ್ತು ರಾತ್ರಿಯ ಮಾತ್ರೆ ಬೇಡ, ನಾಳಿದ್ದು ಮತ್ತೆ ನೋಡಿ ಅಂದರು. 3.1ಕ್ಕೆ ಇಳೀತು. ಆಂಟಿಬಯೋಟಿಕ್ ಮುಗಿಯೋವರೆಗೆ ಕಡಿಮೆ ಅಳತೆ, ಆಮೇಲೆ ಮತ್ತೆ ಮೊದಲಿನದು. ಮಲ ಕಪ್ಪಗೆ ಟಾರಿನ ಹಾಗೆ ಹೋದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ ಫೋನ್ ಮಾಡೋದಲ್ಲ, ಹೊರಟು ಬರೋದು ಅಂತಲೂ ಹೇಳಿದರು.

ನಮ್ಮ ಕಡೆ ಜ್ವರ, ಮೈಕೈ ನೋವು ಅಂದರೆ ಸೂಜಿ ಹಾಕಿಸಿಕೊಳ್ಳದೆ ಸಮಾಧಾನ ಇಲ್ಲ. ಸೊಂಟಕ್ಕೆ ಹಾಕುವ ಸೂಜಿ ಮಾಂಸಖಂಡದೊಳಗೆ ಹೋಗುತ್ತೆ. ಅಸಿಟ್ರೋಮ್ ತಗೊಳ್ಳುವವರಿಗೆ ಅಲ್ಲಿ ರಕ್ತ ಕಟ್ಟಿಕೊಂಡು ಗಡ್ಡೆಯಾಗಬಹುದು, ಆದಷ್ಟೂ ಬೇಡ. ಚರ್ಮದ ಅಡಿಗೆ ಚುಚ್ಚುವ ಇನ್ಸುಲಿನ್‌ಗೆ ಈ ತೊಂದರೆ ಇಲ್ಲ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಡುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಇನ್ನೂ ಕೆಟ್ಟವು. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ನನಗೆ ಪ್ಯಾರಸಿಟಮಾಲ್ ಮಾತ್ರ, ಅದೂ ದಿನಗಟ್ಟಲೆ ನುಂಗಿದರೆ ಐಎನ್‌ಆರ್ ಏರುತ್ತೆ, ಹಾಗಾಗಿ ಅಗತ್ಯ ಬಿದ್ದಾಗ ಒಂದೆರಡು.

ದವಡೆಹಲ್ಲು ಕೀಳಿಸುವಾಗ ಹಲ್ಲಿನ ಡಾಕ್ಟ್ರು ರಕ್ತದ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ ಅಂದರು. ತುಮಕೂರಿನವರು ಒಪ್ಪಲಿಲ್ಲ. ಹಲ್ಲಿನ ರಕ್ತವನ್ನು ಅರಳೆ ಒತ್ತಿ ನಿಲ್ಲಿಸಬಹುದು, ಮೆದುಳಿಗೆ ಹೋದ ಹೆಪ್ಪನ್ನು ಏನು ಮಾಡೋದು ಅನ್ನೋದು ಅವರ ವಾದ. ಹಿಂದಿನ ದಿನ ಐಎನ್‌ಆರ್ 2.3 ಇತ್ತು, ಮಾತ್ರೆ ನಿಲ್ಲಿಸದೇ ಕಿತ್ತರು. ಹೊಲಿಗೆ ಹಾಕಿ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಚ್ಚಿಕೊಳ್ಳೋಕೆ ಕೊಟ್ಟರು. ಸ್ವಲ್ಪ ಹೆಚ್ಚು ಹೊತ್ತು ಜಿನುಗಿ ನಿಂತಿತು. ಕಣ್ಣಿನ ಬಗ್ಗೆ ನನಗೆ ಅದಕ್ಕಿಂತ ಹೆಚ್ಚಿನ ಭಯ ಇತ್ತು. ಸಕ್ಕರೆಯಿಂದ ರೆಟಿನಾದಲ್ಲಿ ಚುಕ್ಕೆ ಚುಕ್ಕೆ ರಕ್ತ ಮೊದಲೇ ಕಾಣಿಸಿಕೊಂಡಿತ್ತು. ಕಣ್ಣಿನ ಡಾಕ್ಟ್ರು ರೆಪ್ಪೆ ಬಿಡಿಸಿ ನೋಡಿ, ಇದಕ್ಕಾಗಿ ಅಸಿಟ್ರೋಮ್ ನಿಲ್ಲಿಸಬೇಕಿಲ್ಲ, ಸಕ್ಕರೆ, ಬಿಪಿ ಹದದಲ್ಲಿಡಿ, ತಪ್ಪದೆ ತೋರಿಸಿಕೊಳ್ಳಿ ಅಂದರು.

ಅರಸೀಕೆರೆಯಲ್ಲಿರುವ ನನ್ನ ಷಡ್ಡಕರಿಗೂ ಇದೇ ಲಯ ತಪ್ಪುವ ತೊಂದರೆ, ಸಕ್ಕರೆಯೂ ಇದೆ. ಅವರು ತಗೊಳ್ಳೋದು ಹೊಸ ಕಾಲದ ಎಪಿಕ್ಸಾಬಾನ್. ಐಎನ್‌ಆರ್ ಇಲ್ಲ, ಸೊಪ್ಪಿನ ಲೆಕ್ಕ ಇಲ್ಲ, ಕಿಡ್ನಿ ಪರೀಕ್ಷೆ ಆಗಾಗ ಮಾಡಿಸಿದರಾಯ್ತು. "ನೀವ್ಯಾಕ್ರೀ ಇನ್ನೂ ಓಬೀರಾಯನ ಕಾಲದ ಮಾತ್ರೆಗೆ ಜೋತುಬಿದ್ದಿದ್ದೀರಿ?" ಅಂತ ಸಿಕ್ಕಾಗಲೆಲ್ಲ ಕೇಳ್ತಾರೆ. ನಾನೂ ಕೇಳಿದ್ದೆ. ಕವಾಟ ಸರಿ ಇರುವವರಿಗೆ ಹೊಸ ಮಾತ್ರೆಗಳೇ ಮೇಲು, ಮೆದುಳಿನ ರಕ್ತಸ್ರಾವವೂ ಕಡಿಮೆ. ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರ ಮಾತು ಬೇರೆ. ನಮ್ಮಂಥ ನಾಲ್ಕೂವರೆ ಸಾವಿರ ಜನರ ಮೇಲೆ, ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದಲ್ಲಿ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಹೊರಬಂತು. ಹೊಸ ಜಾತಿಯ ರಿವರಾಕ್ಸಾಬಾನ್ ತಗೊಂಡವರಿಗಿಂತ ಹಳೆಯ ಜಾತಿಯ ಮಾತ್ರೆ ತಗೊಂಡವರಲ್ಲೇ ಸಾವು ಕಡಿಮೆ, ರಕ್ತಸ್ರಾವವೂ ಹೆಚ್ಚಾಗಿರಲಿಲ್ಲ. ಕೃತಕ ಲೋಹದ ಕವಾಟ ಹಾಕಿಸಿಕೊಂಡವರಿಗೂ ಹಳೆಯದೇ ಗತಿ. ಷಡ್ಡಕರಿಗೆ ಇದನ್ನು ಬಿಡಿಸಿ ಹೇಳಿದ ಮೇಲೆ ಅವರ ಬಿಪಿಯನ್ನೂ ನಿಲ್ಲಿಸಿ ನೋಡಿದೆವು. ಬರೀ ಎಂಟು ಇಳೀತು, ಪುಣ್ಯವಂತರು.

ನನ್ನ ಮುಂದಿನ ಎಕೋ ಯುಗಾದಿ ಕಳೆದ ಮೇಲೆ. ಕವಾಟ ಇನ್ನೂ ಕಿರಿದಾಗಿ ಉಬ್ಬಸ ಶುರುವಾದರೆ ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಹಿಗ್ಗಿಸುವ ಮಾತಿದೆ. ಹಿಗ್ಗಿಸಿದ ಮೇಲಾದರೂ ಅಸಿಟ್ರೋಮ್ ಬಿಡಬಹುದಾ ಅಂತ ಕೇಳಿದ್ದಕ್ಕೆ, ಬಡಿತದ ಲಯ ಹಿಂಗೇ ಇರೋತನಕ ಇಲ್ಲ ಅಂದರು.